ಓದುಗರ ಪ್ರಶ್ನೆ: ಮಲೆನಾಡು ಸುತ್ತುವ ಇಬ್ಬರು ಗೆಳೆಯರು ಕಡಿಮೆ ಖರ್ಚಿನಲ್ಲಿ ಎಲ್ಲಿ ತಂಗಬಹುದು?

“ನಾನೂ ನನ್ನ ಗೆಳೆಯನೂ ಬೆನ್ನಿಗೊಂದು ಚೀಲ ಏರಿಸಿಕೊಂಡು ಆರು ದಿನ ಶಿವಮೊಗ್ಗದ ಸುತ್ತಮುತ್ತ ಬಸ್ಸಿನಲ್ಲೇ ತಿರುಗಬೇಕೆಂದಿದ್ದೇವೆ. ವಿಚಾರಿಸಿದ ಹೋಂಸ್ಟೇಗಳ ದರ ನಮ್ಮ ಕೈಗೆಟುಕುವಂತಿಲ್ಲ. ಬೇರೆ ದಾರಿ ಇದೆಯೇ?”

ಇದೆ. ಅದಕ್ಕೆ ಮೊದಲು ದರದ ಲೆಕ್ಕವನ್ನು ಅರ್ಥಮಾಡಿಕೊಳ್ಳಬೇಕು. ಹೋಂಸ್ಟೇಯವರು ಸಾಮಾನ್ಯವಾಗಿ ತಲೆಗಿಷ್ಟು ಎಂದು ಹಣ ಪಡೆಯುತ್ತಾರೆ. ಅದರಲ್ಲಿ ಊಟ, ತಿಂಡಿ, ಕೆಲವೆಡೆ ಜೀಪಿನ ಸುತ್ತಾಟವೂ ಸೇರಿರುತ್ತದೆ. ಲಾಡ್ಜಿನವರು ಕೋಣೆಗಿಷ್ಟು ಎಂದು ಪಡೆಯುತ್ತಾರೆ. ಇಬ್ಬರು ಜೊತೆಯಾಗಿ ಹೊರಟದ್ದರ ಲಾಭ ಲಾಡ್ಜಿನಲ್ಲಿ ಅರ್ಧಕ್ಕರ್ಧ ಸಿಗುತ್ತದೆ, ಹೋಂಸ್ಟೇಯಲ್ಲಿ ಬಹುಮಟ್ಟಿಗೆ ಸಿಗುವುದೇ ಇಲ್ಲ. ಆದ್ದರಿಂದ ದಿನಕ್ಕೊಂದು ತಾಣದಲ್ಲಿ ತಂಗುವ ಬದಲು, ಬಸ್ಸಿನ ಅನುಕೂಲವಿರುವ ಎರಡು ತಾಲ್ಲೂಕು ಕೇಂದ್ರಗಳಲ್ಲಿ ಕೋಣೆ ಹಿಡಿದು, ದೊಡ್ಡ ಚೀಲವನ್ನು ಅಲ್ಲೇ ಬಿಟ್ಟು, ಹಗಲು ಸುತ್ತಾಡಿ ಸಂಜೆಗೆ ಮರಳುವುದು ನಿಮಗೆ ಹೊಂದುವ ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಎರಡು ಊರುಗಳು ಸಾಗರ ಮತ್ತು ತೀರ್ಥಹಳ್ಳಿ. ಸಾಗರದಲ್ಲಿ ತಂಗಿದರೆ ಇಕ್ಕೇರಿ, ಕೆಳದಿಗಳೆರಡೂ ಹತ್ತು ಕಿಲೋಮೀಟರಿನೊಳಗೆ ಸಿಗುತ್ತವೆ. ಜೋಗಕ್ಕೆ ಸುಮಾರು ಮೂವತ್ತು ಕಿಲೋಮೀಟರ್. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರಿಗೂ ಲಾಂಚಿಗಾಗಿ ಕಾಯದೆ ಹೋಗಿ ಬರಬಹುದು. ತೀರ್ಥಹಳ್ಳಿಯಿಂದ ಕುಪ್ಪಳ್ಳಿ, ಕವಲೇದುರ್ಗ, ಕುಂದಾದ್ರಿ ಮೂರೂ ಒಂದೊಂದು ಹಗಲಿನ ದಾರಿ. ಆಗುಂಬೆ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ, ಏಕೆಂದರೆ ಅಲ್ಲಿಗೆ ಹೋಗುವವರು ಸೂರ್ಯಾಸ್ತಕ್ಕಾಗಿ ಕಾಯುತ್ತಾರೆ, ಮತ್ತು ಕತ್ತಲಾದ ಮೇಲೆ ಮಲೆನಾಡಿನ ಬಸ್ಸುಗಳನ್ನು ನಂಬಿ ನಿಲ್ಲುವಂತಿಲ್ಲ. ಆಗುಂಬೆಯಲ್ಲಿ ಲಾಡ್ಜುಗಳು ಬೆರಳೆಣಿಕೆಯಷ್ಟು. ಮಧ್ಯಾಹ್ನವೇ ತಲುಪಿ, ಮೊದಲು ಕೋಣೆ ಗೊತ್ತುಮಾಡಿಕೊಂಡು, ಆಮೇಲೆ ಸೂರ್ಯಾಸ್ತ ನೋಡಲು ಹೋಗಿ. ಒಮ್ಮೆ ನಾನೂ ಗೆಳೆಯನೊಬ್ಬನೂ ಈ ಕ್ರಮವನ್ನು ತಿರುಗಿಸಿ, ರಾತ್ರಿ ಎಂಟರ ಮಳೆಯಲ್ಲಿ ಬಾಗಿಲಿನಿಂದ ಬಾಗಿಲಿಗೆ ಅಲೆದು, ಕೊನೆಗೆ ಸಿಕ್ಕ ಕೋಣೆಗೆ ಕೇಳಿದಷ್ಟು ತೆತ್ತಿದ್ದೇವೆ.

ಲಾಡ್ಜಿನಲ್ಲಿ ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು ಚೆಕ್ ಔಟ್ ಸಮಯವನ್ನು. ಬಸ್ ನಿಲ್ದಾಣದ ಸುತ್ತಲಿನ ಹಳೆಯ ಲಾಡ್ಜುಗಳಲ್ಲಿ ಇಪ್ಪತ್ನಾಲ್ಕು ಗಂಟೆಯ ಲೆಕ್ಕ ಇನ್ನೂ ಉಳಿದಿದೆ: ಬೆಳಿಗ್ಗೆ ಏಳಕ್ಕೆ ಕೋಣೆ ಹಿಡಿದರೆ ಮರುದಿನ ಏಳರವರೆಗೆ ಅದು ನಿಮ್ಮದು. ಹೊಸ ಹೋಟೆಲುಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ದಿನ ಮುಗಿಯುತ್ತದೆ. ಬೆಳಗಿನ ಜಾವ ಬಂದಿಳಿದವರು ಕೆಲವೇ ಗಂಟೆಗಳಿಗೆ ಇಡೀ ದಿನದ ಬಾಡಿಗೆ ಕೊಡಬೇಕಾಗುತ್ತದೆ. ಬೆಂಗಳೂರಿನಿಂದ ರಾತ್ರಿ ಹೊರಡುವ ತಾಳಗುಪ್ಪ ರೈಲಿನಲ್ಲಿ ಬರುವುದಾದರೆ ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ, ಬೆಳಿಗ್ಗೆ ಸಾಗರದಲ್ಲೇ ಇಳಿಯಬಹುದು. ಆಗ ಈ ಇಪ್ಪತ್ನಾಲ್ಕು ಗಂಟೆಯ ಲಾಡ್ಜು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಹೇಳಿದ ಬಾಡಿಗೆಯಲ್ಲಿ ತೆರಿಗೆ ಸೇರಿದೆಯೇ ಎಂಬುದನ್ನೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳ ಮೇಲೆ ಜಿಎಸ್‌ಟಿ ಶೇಕಡಾ 5 ಮಾತ್ರ. ಅದಕ್ಕೂ ಮೊದಲು ಶೇಕಡಾ 12 ಇತ್ತು.

ಇದಕ್ಕಿಂತಲೂ ಅಗ್ಗದ ದಾರಿ ಕ್ಷೇತ್ರಗಳದು. ಶೃಂಗೇರಿಯಲ್ಲಿ ಮಠದ ವಸತಿಗೃಹಗಳಿವೆ, ಹೊರನಾಡಿನಲ್ಲಿ ದೇವಸ್ಥಾನದ ಕೊಠಡಿಗಳಿವೆ, ಎರಡೂ ಕಡೆ ಪ್ರಸಾದ ಭೋಜನವಿದೆ. ಹಲವು ಕ್ಷೇತ್ರಗಳಲ್ಲಿ ಒಂಟಿಯಾಗಿ ಬಂದವರಿಗೆ ಕೊಠಡಿ ಕೊಡಲು ಹಿಂದೆಮುಂದೆ ನೋಡುತ್ತಾರೆ. ಇಬ್ಬರಿರುವುದು ನಿಮಗೆ ಅನುಕೂಲವೇ. ಆದರೆ ಆ ಕೊಠಡಿಗಳು ಭಕ್ತರಿಗಾಗಿ ಇರುವಂಥವು ಎಂಬುದು ನೆನಪಿರಲಿ. ದೇವರ ದರ್ಶನದ ಮನಸ್ಸಿಲ್ಲದೆ ಕೇವಲ ಅಗ್ಗವೆಂದು ಹೋಗಿ, ನವರಾತ್ರಿಯಂಥ ದಿನಗಳಲ್ಲಿ ದೂರದಿಂದ ಬಂದ ಕುಟುಂಬವೊಂದರ ಜಾಗ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರಗಳನ್ನು, ಜನ ಐಬಿ ಎನ್ನುವ ಆ ಬಂಗಲೆಗಳನ್ನು, ಹೆಚ್ಚು ನೆಚ್ಚಿಕೊಳ್ಳಬೇಡಿ. ಅಧಿಕಾರಿಗಳಿಗೆ ಮೊದಲ ಆದ್ಯತೆ. ಟೆಂಟ್ ಹೊತ್ತು ತರುವ ಯೋಚನೆಯಿದ್ದರೆ ಅದನ್ನೂ ಬಿಡಿ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದೊಳಗಿದೆ, ಆಗುಂಬೆ ಘಾಟಿಯ ಕೆಳಗೆ ಸೋಮೇಶ್ವರ ವನ್ಯಜೀವಿಧಾಮವಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ರಾತ್ರಿ ಕಳೆಯುವುದು ಅಪರಾಧ.

ಆರರಲ್ಲಿ ಒಂದು ರಾತ್ರಿಯನ್ನಾದರೂ ಹೋಂಸ್ಟೇಗೆ ಮೀಸಲಿಡಿ ಎಂದೇ ನಾನು ಹೇಳುತ್ತೇನೆ, ಅದರಲ್ಲೂ ಮಳೆಗಾಲದಲ್ಲಿ. ಮೋಡ ಕವಿದಾಗ ಲಾಡ್ಜಿನ ಸೋಲಾರ್ ನೀರು ಬಿಸಿಯಾಗುವುದಿಲ್ಲ, ಒದ್ದೆ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಮನೆಯವರೂ ಅಲ್ಲೇ ವಾಸವಿರುವ ಹಳೆಯ ತೋಟದ ಮನೆಯಾದರೆ ಬಚ್ಚಲ ಒಲೆಯ ಹಂಡೆಯಲ್ಲಿ ಸುಡುನೀರಿರುತ್ತದೆ, ಬಟ್ಟೆ ಹರವಲು ಒಲೆಯ ಕಾವಿರುತ್ತದೆ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಫೋನ್ ಮಾಡಿ, ನಾವಿಬ್ಬರೇ, ಊಟ ಸರಳವಾಗಿದ್ದರೆ ಸಾಕು ಎಂದು ಬಿಡಿಸಿ ಹೇಳಿದರೆ ದರ ಇಳಿಸುವವರಿದ್ದಾರೆ. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ದಿನಗಳಲ್ಲಿ ಮಾತ್ರ ಆ ಊರುಗಳಲ್ಲಿ ಕೋಣೆ ಸಿಗುವುದೇ ಕಷ್ಟ.

ಗುರುತಿನ ಚೀಟಿಯ ಮೂಲಪ್ರತಿ ಇಬ್ಬರ ಬಳಿಯೂ ಇರಲಿ. ಇದೇ ಪ್ರಶ್ನೆಯನ್ನು ಗಂಡು ಹೆಣ್ಣು ಗೆಳೆಯರೂ ಕೇಳುತ್ತಾರೆ. ಮದುವೆಯಾಗದ ಇಬ್ಬರು ವಯಸ್ಕರು ಒಂದೇ ಕೋಣೆಯಲ್ಲಿ ತಂಗುವುದನ್ನು ತಡೆಯುವ ಕಾನೂನಿಲ್ಲ ಎಂದು ಮದ್ರಾಸ್ ಹೈಕೋರ್ಟ್ 2019ರಲ್ಲಿ ಹೇಳಿದೆ. ಆದರೂ ಸಣ್ಣ ಊರಿನ ಲಾಡ್ಜುಗಳಲ್ಲಿ ನಿರಾಕರಿಸುವವರಿದ್ದಾರೆ. ಅಂಥ ಗೆಳೆಯರು ಬಸ್ಸು ಹತ್ತುವ ಮೊದಲೇ ಫೋನಿನಲ್ಲಿ ವಿಚಾರಿಸಿ, ಒಪ್ಪಿದವರ ಹೆಸರನ್ನು ಬರೆದಿಟ್ಟುಕೊಂಡು ಹೊರಡುವುದು ಕ್ಷೇಮ.