ಕ್ಯಾಲ್ಸಿಯಂ ಮಾತ್ರೆ ತಗೊಂಡ್ರೆ ಪ್ರೊಲ್ಯಾಕ್ಟಿನ್ ಏರತ್ತಾ?

ಪ್ರಶ್ನೆ: ಬ್ಲಡ್ ಟೆಸ್ಟಲ್ಲಿ ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸೋ ಹಾರ್ಮೋನ್) ಜಾಸ್ತಿ ಬಂದಿದೆ. ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿಯಿಂದ ಹಾರ್ಮೋನ್ ಹೊರಗೆ ಬರೋಕೆ ಕ್ಯಾಲ್ಸಿಯಂ ಬೇಕೇ ಬೇಕು ಅಂತ ಓದಿದೆ. ನಾನು ದಿನಾ ಒಂದು ಕ್ಯಾಲ್ಸಿಯಂ ಮಾತ್ರೆ ತಗೋತೀನಿ, ನಿಲ್ಲಿಸ್ಬೇಕಾ?

ಈ ಕಾರಣಕ್ಕೆ ನಿಲ್ಲಿಸೋದೇನೂ ಬೇಡ. ನೀವು ಓದಿದ್ದು ಸರಿಯಾಗೇ ಇದೆ, ಆದ್ರೆ ಅಲ್ಲಿ ಹೇಳಿರೋ ಕ್ಯಾಲ್ಸಿಯಂ ಲೆಕ್ಕ ಬೇರೆ, ನಿಮ್ಮ ಮಾತ್ರೆ ಲೆಕ್ಕ ಬೇರೆ.

ಊರ ಕೆರೆ ನೆನಪು ಮಾಡ್ಕೊಳ್ಳಿ. ಕೆರೆ ತುಂಬಿದೆ ಅಂತ ಗದ್ದೆಗೆ ನೀರು ತಾನಾಗೇ ಬರಲ್ಲ, ನೀರುಗಂಟಿ ಬಂದು ತೂಬು ಎತ್ತಬೇಕು. ರಕ್ತದಲ್ಲಿರೋ ಕ್ಯಾಲ್ಸಿಯಂ ಈ ಕೆರೆ ಇದ್ದಂಗೆ, ಡೆಸಿಲೀಟರ್‌ಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ. ಸ್ವಲ್ಪ ಇಳಿದ್ರೆ ಕತ್ತಲ್ಲಿರೋ ಪ್ಯಾರಾಥೈರಾಯ್ಡ್ ಅನ್ನೋ ಪುಟಾಣಿ ಗ್ರಂಥಿಗಳು ಮೂಳೆಯಿಂದ ಎಳ್ಕೊಳ್ತವೆ, ಹೆಚ್ಚಾದ್ರೆ ಕಿಡ್ನಿ ಕೋಡಿ ಬೀಳಿಸಿ ಹೊರಗೆ ಕಳಿಸತ್ತೆ, ಹಾಗಾಗಿ ನೀವು ಒಂದು ಮಾತ್ರೆ ನುಂಗಿದ್ರೆ ಕೆರೆ ಮಟ್ಟ ಅಷ್ಟೇನೂ ಅಲ್ಲಾಡಲ್ಲ. ಇನ್ನು ಸೆಲ್ ಒಳಗಡೆ ನೋಡಿದ್ರೆ ಬರಗಾಲ, ಹೊರಗಿರೋದರ 10,000ದಲ್ಲಿ ಒಂದು ಪಾಲು ಅಷ್ಟೇ ಇರತ್ತೆ. ಸೆಲ್ ಬೇಕು ಅಂತಲೇ ಹಾಗೆ ಇಟ್ಕೊಂಡಿರತ್ತೆ, ಪಂಪ್ ಹಚ್ಚಿ ದಿನವಿಡೀ ಹೊರಗೆ ಹಾಕ್ತಾನೇ ಇರತ್ತೆ. ಯಾಕಂದ್ರೆ ಒಳಗೆ ಫಾಸ್ಫೇಟ್ ತುಂಬಾ ಇದೆ, ಕ್ಯಾಲ್ಸಿಯಂ ಅದರ ಜೊತೆ ಸೇರಿದ್ರೆ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆ ತಳದಲ್ಲಿ ಬಿಳಿ ಕಟ್ಟತ್ತಲ್ಲ ಹಂಗೆ ಕಟ್ಟಿಬಿಡತ್ತೆ.

ಒಣಗಿರೋ ನೆಲಕ್ಕೆ ನಾಲ್ಕು ಹನಿ ಬಿದ್ರೂ ಗೊತ್ತಾಗತ್ತಲ್ವಾ, ಅದೇ ಇಲ್ಲಿ ಸಿಗ್ನಲ್. ಪಿಟ್ಯುಟರಿ ಸೆಲ್ ಹಾರ್ಮೋನನ್ನ ಮೊದಲೇ ತಯಾರಿ ಮಾಡಿ ಪುಟ್ಟ ಪುಟ್ಟ ಚೀಲದಲ್ಲಿ ತುಂಬಿ ಗೋಡೆ ಪಕ್ಕ ನಿಲ್ಲಿಸಿರತ್ತೆ. ತೂಬು ಅಂದ್ರೆ ಗೋಡೆಯಲ್ಲಿರೋ ಕ್ಯಾಲ್ಸಿಯಂ ಚಾನೆಲ್. ಅದು ತೆಗೆದ ತಕ್ಷಣ ಕ್ಯಾಲ್ಸಿಯಂ ಒಳಗೆ ನುಗ್ಗಿ, ಚೀಲದ ಮೇಲಿರೋ ಸಿನಾಪ್ಟೋಟ್ಯಾಗ್ಮಿನ್ ಥರದ ಪ್ರೋಟೀನಿಗೆ ಅಂಟ್ಕೊಳ್ಳತ್ತೆ, ಚೀಲ ಗೋಡೆಗೆ ಬೆಸೆದುಕೊಂಡು ಬಾಯಿ ಬಿಡತ್ತೆ, ಹಾರ್ಮೋನ್ ರಕ್ತಕ್ಕೆ. 1964ರಲ್ಲೇ ಡಗ್ಲಸ್ ಮತ್ತು ಪಾಯ್ಸ್ನರ್ ಅನ್ನೋ ವಿಜ್ಞಾನಿಗಳು ಇಲಿಯ ಹಿಂಭಾಗದ ಪಿಟ್ಯುಟರಿ ತೆಗೆದು ನೋಡಿದ್ರು, ಸುತ್ತಲಿನ ದ್ರಾವಣದಲ್ಲಿ ಕ್ಯಾಲ್ಸಿಯಂ ಇಲ್ದಿದ್ರೆ ಎಷ್ಟೇ ಕೆಣಕಿದ್ರೂ ವಾಸೊಪ್ರೆಸಿನ್ ಅನ್ನೋ ಹಾರ್ಮೋನ್ ಬರ್ತಿರಲಿಲ್ಲ.

ಈಗ ನಿಮ್ಮ ಪ್ರೊಲ್ಯಾಕ್ಟಿನ್ ವಿಷ್ಯಕ್ಕೆ ಬರೋಣ, ನಂಗೆ ತುಂಬ ಇಷ್ಟವಾದ ಭಾಗ ಇದೇ. ಪ್ರೊಲ್ಯಾಕ್ಟಿನ್ ಮಾಡೋ ಲ್ಯಾಕ್ಟೋಟ್ರೋಫ್ ಸೆಲ್‌ಗಳಿಗೆ ಯಾರೂ ಹೇಳೋದೇ ಬೇಡ, ತಮ್ಮಷ್ಟಕ್ಕೆ ತಾವೇ ಕರೆಂಟ್ ಮಿಡೀತಿರ್ತವೆ, ಒಂದೊಂದು ಮಿಡಿತಾನೂ ಉದ್ದುದ್ದ, ತೂಬು ಅಷ್ಟು ಹೊತ್ತೂ ತೆಗೆದೇ ಇರತ್ತೆ, ಹಾರ್ಮೋನ್ ಸುರೀತಾ ಇರತ್ತೆ. ಬಿಟ್ರೆ ದಿನವಿಡೀ ಹಂಗೇ. ಅದನ್ನ ಹಿಡಿದಿಟ್ಟಿರೋದು ಮೆದುಳಿಂದ ಇಳಿದು ಬರೋ ಡೋಪಮೈನ್. ಡೋಪಮೈನ್ ಬಂದು ಸೆಲ್ ಮೇಲೆ ಅದಕ್ಕೇ ಅಂತ ಇರೋ ಡಿ2 ರಿಸೆಪ್ಟರ್ ಅನ್ನೋ ಜಾಗದಲ್ಲಿ ಕೂತರೆ ಪೊಟ್ಯಾಸಿಯಂ ಚಾನೆಲ್ ತೆಗೀತವೆ, ಮಿಡಿತ ನಿಲ್ಲತ್ತೆ, ಕ್ಯಾಲ್ಸಿಯಂ ತೂಬು ಮುಚ್ಚತ್ತೆ. ಅಂದ್ರೆ ಇಲ್ಲಿ ನೀರುಗಂಟಿ ಕೆಲಸ ತೂಬು ಎತ್ತೋದಲ್ಲ, ಹಾಕಿ ಇಡೋದು. ಪ್ರೊಲ್ಯಾಕ್ಟಿನ್ ಇಳಿಸೋಕೆ ಕೊಡೋ ಕ್ಯಾಬರ್ಗೋಲಿನ್ ಮಾತ್ರೆ ಈ ಡೋಪಮೈನ್ ವೇಷ ಹಾಕ್ಕೊಂಡು ಬರತ್ತೆ ಅಷ್ಟೇ. ವಾಂತಿ ನಿಲ್ಲಿಸೋ ಡೊಂಪೆರಿಡೋನ್ ಉಲ್ಟಾ, ಡೋಪಮೈನ್ ಜಾಗದಲ್ಲಿ ತಾನು ಕೂತು ಅದನ್ನ ಕೆಲಸ ಮಾಡಕ್ಕೆ ಬಿಡಲ್ಲ. ನಮ್ಮಲ್ಲಿ ಗ್ಯಾಸ್ಟ್ರಿಕ್ ಅಂತ ಮೆಡಿಕಲ್ ಶಾಪಿಗೆ ಹೋದ್ರೆ ಕೊಡೋ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಇದೂ ಸೇರಿರತ್ತೆ, ತಿಂಗಳುಗಟ್ಟಲೆ ನುಂಗೋರಿಗೆ ಇದು ಗೊತ್ತೇ ಇರಲ್ಲ!

ಎಲ್ಲಾ ಪಿಟ್ಯುಟರಿ ಸೆಲ್ಲೂ ಹೀಗೇನಾ ಅಂದ್ರೆ ಅಲ್ಲ. ಎಲ್‌ಎಚ್, ಎಫ್‌ಎಸ್‌ಎಚ್ ಅನ್ನೋ, ಅಂಡಾಶಯ ವೃಷಣಗಳಿಗೆ ಕೆಲಸ ಹೇಳೋ ಹಾರ್ಮೋನ್ ಬಿಡೋ ಗೊನಾಡೋಟ್ರೋಫ್ ಸೆಲ್ ಕೂಡ ಮಿಡಿಯತ್ತೆ, ಆದ್ರೆ ಆ ಮಿಡಿತ ಚಿಟಿಕೆ ಹೊಡೆದಷ್ಟು ಚಿಕ್ಕದು, ಅದರಿಂದ ಬರೋ ಕ್ಯಾಲ್ಸಿಯಂ ಸಾಲಲ್ಲ. ಅದಕ್ಕೆ ಮನೆಯೊಳಗೇ ಒಂದು ಸಂಪ್ ಇದೆ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ. ಮೆದುಳಿಂದ ಜಿಎನ್‌ಆರ್‌ಎಚ್ ಅನ್ನೋ ಹಾರ್ಮೋನ್ ಬಂದಾಗ ಐಪಿ3 ಅನ್ನೋ ಅಣು ಹುಟ್ಟಿ ಸಂಪಿನ ಮುಚ್ಚಳ ತೆಗೆಯತ್ತೆ, ಕ್ಯಾಲ್ಸಿಯಂ ಅಲೆ ಅಲೆಯಾಗಿ ಏರಿಳಿಯತ್ತೆ. ಈ ಜಿಎನ್‌ಆರ್‌ಎಚ್ ಬಿಟ್ಟು ಬಿಟ್ಟು ಬರಬೇಕು. 1978ರಲ್ಲಿ ನೋಬಿಲ್ ಅನ್ನೋ ವಿಜ್ಞಾನಿಯ ತಂಡ ಕೋತಿಗಳಿಗೆ ಗಂಟೆಗೊಂದು ಸಲ ಕೊಟ್ಟಾಗ ಎಲ್‌ಎಚ್ ಚೆನ್ನಾಗಿ ಬಂತು, ಅದನ್ನೇ ಎಡೆಬಿಡದೆ ಹರಿಸಿದ್ರೆ ಬಿದ್ದುಹೋಯ್ತು. ಬಾಗಿಲು ಸದಾ ಬಡೀತಿದ್ರೆ ಒಳಗಿನವರು ಕಿವಿ ಮುಚ್ಕೊಳ್ಳಲ್ವಾ, ಹಂಗೆ. ಬೇಗ ಋತುಮತಿ ಆಗೋ ಪುಟ್ಟ ಮಕ್ಕಳಿಗೆ, ಪ್ರಾಸ್ಟೇಟ್ ಕ್ಯಾನ್ಸರ್ ಇರೋರಿಗೆ ಕೊಡೋ ಲ್ಯುಪ್ರೊಲೈಡ್ ಇಂಜೆಕ್ಷನ್ ಕೆಲಸ ಮಾಡೋದು ಇದೇ ಗುಟ್ಟಿನಿಂದ.

ಹಾಗಾದ್ರೆ ಬಿಪಿಗೆ ತಗೊಳ್ಳೋ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ತೂಬು ಮುಚ್ಚಿ ಪ್ರೊಲ್ಯಾಕ್ಟಿನ್ ಇಳಿಸ್ಬೇಕಲ್ವಾ ಅಂತ ಮುಂದಿನ ಪ್ರಶ್ನೆ ಬರಬಹುದು. ತಮಾಷೆ ಏನಂದ್ರೆ ಅದರಲ್ಲಿ ವೆರಾಪಮಿಲ್ ಅನ್ನೋದು ಏರಿಸತ್ತೆ! ಅದು ಮೆದುಳಲ್ಲಿ ಡೋಪಮೈನ್ ಬರೋದನ್ನೇ ಕಮ್ಮಿ ಮಾಡತ್ತೆ ಅಂತ ವಿವರಣೆ, ಅಂದ್ರೆ ನೀರುಗಂಟಿಯನ್ನೇ ಮನೆಗೆ ಕಳಿಸಿದ ಹಾಗೆ. ಎಲ್ಲರೂ ತಗೊಳ್ಳೋ ಆಮ್ಲೊಡಿಪಿನ್‌ಗೆ ಈ ಅಭ್ಯಾಸ ಇಲ್ಲ.

ಡಾಕ್ಟರ್ ಹತ್ರ ಹೋಗುವಾಗ ಗ್ಯಾಸ್ಟ್ರಿಕ್ ಮಾತ್ರೆ, ನಿದ್ದೆ ಮಾತ್ರೆ, ಮನಸ್ಸಿನ ಕಾಯಿಲೆ ಮಾತ್ರೆ ಯಾವುದಿದ್ರೂ ಬಿಡದೆ ಪಟ್ಟಿ ತಗೊಂಡ್ಹೋಗಿ, ನೀವಾಗೇ ಯಾವುದನ್ನೂ ನಿಲ್ಲಿಸ್ಬೇಡಿ. ಟಿಎಸ್‌ಎಚ್ ಅನ್ನೋ ಥೈರಾಯ್ಡ್ ಟೆಸ್ಟ್ ಕೂಡ ನೋಡ್ತಾರೆ, ಯಾಕಂದ್ರೆ ಥೈರಾಯ್ಡ್ ಕಮ್ಮಿ ಆದ್ರೆ ಮೆದುಳು ಟಿಆರ್‌ಎಚ್ ಅನ್ನೋ ಹಾರ್ಮೋನ್ ಜಾಸ್ತಿ ಕಳಿಸತ್ತೆ, ಅದು ಲ್ಯಾಕ್ಟೋಟ್ರೋಫ್‌ನ ಸಂಪನ್ನೂ ತೆಗೆಯತ್ತೆ. ಅಂದಹಾಗೆ ನೀವು ಥೈರಾಯ್ಡ್ ಮಾತ್ರೆ ತಗೋತಿದ್ರೆ ಮಾತ್ರ ನಿಮ್ಮ ಅನುಮಾನದಲ್ಲಿ ಸ್ವಲ್ಪ ನಿಜ ಇರಬಹುದು, ಎರಡನ್ನೂ ಒಟ್ಟಿಗೆ ನುಂಗಿದ್ರೆ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆ ಮಾತ್ರೆಯ ಥೈರಾಕ್ಸಿನ್ ಹಿಡ್ಕೊಂಡು ರಕ್ತಕ್ಕೆ ಸರಿಯಾಗಿ ಸೇರೋಕೆ ಬಿಡಲ್ಲ, ಆಗ ಥೈರಾಯ್ಡ್ ಕಮ್ಮಿ ಆಗಿ ಪ್ರೊಲ್ಯಾಕ್ಟಿನ್ ಏರಬಹುದು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಮಧ್ಯಾಹ್ನ ಊಟ ಆದ್ಮೇಲೆ, ನಡುವೆ 4 ಗಂಟೆ ಗ್ಯಾಪ್ ಇರ್ಲಿ.