ಇರುವೆಯನ್ನು ತಡೆಯಬೇಕಾದ್ರೆ ಅದರ ಪಾದ ನೋಡಿ

ಕಳೆದ ಜುಲೈನಲ್ಲಿ ಒಂದು ರಾತ್ರಿ ಹತ್ತೂವರೆಗೆ ಅಣ್ಣನ ಮಗ ಫೋನ್ ಮಾಡಿದ. "ಕಾಕಾ, ಮುಚ್ಚಳ ಬಿಗಿ ಹಾಕಿದ್ದೆ. ಆದ್ರೂ ಇರಿವಿ ಗ್ವಾಡಿ ಮ್ಯಾಲ ಹರಿದಾಡ್ಲಿಕ್ಕತ್ಯಾವ. ಅವ್ವ ನೋಡಿದ್ರ ಡಬ್ಬಿ ಸೈತ ಹೊರಗ ಒಗೀತಾಳ, ಲಗೂನ ಬಾ." ಕಲಬುರಗಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎರಡೇ ಗಲ್ಲಿ. ಚಪ್ಪಲಿ ಮೆಟ್ಟಿ ಹೊರಟೆ.

ಹುಡುಗ ಇರುವೆ ಸಾಕುತ್ತಾನೆ. ಡಬ್ಬಿ ಎಂದರೆ ಅವು ಇರುವ, ಅಡುಗೆಮನೆಯ ಚೌಕ ಪ್ಲಾಸ್ಟಿಕ್ ಡಬ್ಬಿ. ಒಳಗೆ ಒಂದು ಟೆಸ್ಟ್ ಟ್ಯೂಬು. ಅದರ ತಳದಲ್ಲಿ ನೀರು, ನೀರಿಗೆ ಹತ್ತಿಯ ಬಿರಡೆ, ಈಚೆ ಒದ್ದೆ ಹತ್ತಿಗೆ ಒರಗಿ ಕೂತ ರಾಣಿ. ಸುತ್ತ ನಲವತ್ತರಷ್ಟು ಕೆಲಸಗಾರ ಗೊದ್ದಗಳು. ಮುಚ್ಚಳ ನಿಜವಾಗಲೂ ಬಿಗಿಯಾಗಿತ್ತು, ಒಂದು ಕೂದಲೂ ತೂರುವಂತಿರಲಿಲ್ಲ. ಹಾಗಾದ್ರೆ ಹೊರಗೆ ಬಂದದ್ದು ಹೇಗೆ? ಸಂಜೆ ಸಕ್ಕರೆ ನೀರು ಇಡಲು ಹುಡುಗ ಮುಚ್ಚಳ ತೆಗೆದಿದ್ದ. ಹತ್ತು ಹನ್ನೆರಡು ಗೊದ್ದಗಳು ಮುಚ್ಚಳದ ಒಳಮೈಗೇ ತಲೆಕೆಳಗಾಗಿ ಅಂಟಿ ಕೂತಿದ್ದವು. ಅವನು ಮುಚ್ಚಳವನ್ನು ಪಕ್ಕದ ಮೇಜಿನ ಮೇಲಿಟ್ಟ. ಅಷ್ಟೇ ಸಾಕಾಯಿತು.

ಇರುವೆ ಸಾಕುವ ಹುಡುಗರು ನನಗೇ ನಾಲ್ಕೈದು ಜನ ಗೊತ್ತು. ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಮುಚ್ಚಳದ ಬಗ್ಗೆ: ಇನ್ನೂ ಬಿಗಿ ಮಾಡೋಣ, ಟೇಪ್ ಸುತ್ತೋಣ, ಮೇಲೆ ಕಲ್ಲು ಹೇರೋಣ. ಆದರೆ ಮುಚ್ಚಳ ಎಂದಾದರೂ ತೆಗೆಯಲೇಬೇಕಲ್ವಾ? ಇರುವೆ ಮುಚ್ಚಳದ ತನಕ ಬರಲೇಬಾರದು. ಅದಕ್ಕೆ ನೋಡಬೇಕಾದದ್ದು ಅದರ ಪಾದವನ್ನು.

ಆ ಪಾದ ಎಂಥ ಅದ್ಭುತ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದ್ರೆ ಇದು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಇರುವೆಯ ಪ್ರತಿ ಕಾಲಿನ ತುದಿಯಲ್ಲಿ ಎರಡು ಕೊಕ್ಕೆಯಂಥ ಉಗುರುಗಳು. ಅವುಗಳ ನಡುವೆ ಒಂದು ಮೆತ್ತನೆಯ ದಿಂಬು, ಹೆಸರು ಅರೋಲಿಯಂ. ಮರದ ತೊಗಟೆ, ಮಣ್ಣಿನ ಗೋಡೆ, ಪಾಲಿಶ್ ಮಾಡದ ಶಹಾಬಾದ್ ಕಲ್ಲು ಇಂಥ ಒರಟು ಜಾಗದಲ್ಲಿ ಉಗುರೇ ಸಾಕು. ಗಾಜಿನ ಮೇಲೆ ಉಗುರಿಗೆ ಹಿಡಿ ಸಿಗದೆ ಅದು ಜಾರುತ್ತದೆ. ಜಾರುತ್ತ ಕಾಲು ಮೈಕಡೆಗೆ ಎಳೆದಾಗ ಮಡಚಿಕೊಂಡಿದ್ದ ದಿಂಬು ಬಿಚ್ಚಿ, ಉಬ್ಬಿ ಹೊರಬಂದು ಗಾಜಿಗೆ ಒತ್ತುತ್ತದೆ. ಕಾಲನ್ನು ಆಚೆ ತಳ್ಳಿದರೆ ಮತ್ತೆ ಮಡಚಿಕೊಳ್ಳುತ್ತದೆ. ಸೈಕಲ್ಲಿನ ಬ್ರೇಕ್ ನೆನಪಿಸಿಕೊಳ್ಳಿ, ಎಳೆದರೆ ಹಿಡಿತ, ಬಿಟ್ಟರೆ ಬಿಡುಗಡೆ. ಅಂಥ ಆರು ಬ್ರೇಕುಗಳು, ಓಡುವಾಗ ಒಂದು ಸಲಕ್ಕೆ ಮೂರು ಹಿಡಿಯುತ್ತವೆ, ಮೂರು ಬಿಡುತ್ತವೆ. ವಾಲ್ಟರ್ ಫೆಡರ್ಲೆ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2001ರಲ್ಲಿ ಇದನ್ನು ವಿವರವಾಗಿ ತೋರಿಸಿಕೊಟ್ಟರು.

ಆದರೆ ಆ ದಿಂಬು ಗಾಜಿಗೆ ಅಂಟುವುದು ಹೇಗೆ? ಗೋಂದಿನಿಂದ ಅಲ್ಲ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ದ್ರವದ ಪೊರೆ ಇರುತ್ತದೆ. ತೊಳೆದ ಎರಡು ತಾಟುಗಳನ್ನು ಒದ್ದೆ ಇರುವಾಗಲೇ ಒಂದರ ಮೇಲೊಂದು ಇಟ್ಟು ಆಮೇಲೆ ಬಿಡಿಸಲು ನೋಡಿದ್ದೀರಾ? ನೇರ ಎತ್ತಿದರೆ ಬರುವುದಿಲ್ಲ, ಅಂಚಿನಿಂದ ಎಬ್ಬಿಸಬೇಕು. ಇರುವೆಯೂ ಹಾಗೇ, ತನ್ನ ಪಾದವನ್ನು ಸುಲಿದಂತೆ ಅಂಚಿನಿಂದ ಬಿಡಿಸಿಕೊಳ್ಳುತ್ತದೆ. ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ನುಣುಪಾದ ಮೈಗೆ ತಲೆಕೆಳಗಾಗಿ ಅಂಟಿಕೊಂಡೇ ತನ್ನ ತೂಕದ ನೂರು ಪಟ್ಟು ಭಾರ ಬಾಯಲ್ಲಿ ಕಚ್ಚಿ ನಿಂತಿರುವ ಫೋಟೋ ಕೇಂಬ್ರಿಜ್‌ನಿಂದ ಬಂದಿದೆ. ಇಂಥ ಪಾದದ ಮುಂದೆ ಡಬ್ಬಿಯ ಗೋಡೆ ಒಂದು ಗೇಣಿದ್ದರೇನು, ಒಂದಾಳೆತ್ತರ ಇದ್ದರೇನು? ಬಿದ್ದರೂ ಅದಕ್ಕೆ ಪೆಟ್ಟಾಗುವುದಿಲ್ಲ, ಅಷ್ಟು ಹಗುರ. ಎದ್ದು ಮತ್ತೆ ಹತ್ತುತ್ತದೆ.

ಹಾಗಾದರೆ ಈ ಪಾದವನ್ನು ಸೋಲಿಸುವುದು ಯಾವುದು? ಗಟ್ಟಿ ಗೋಡೆಯಲ್ಲ, ಸಡಿಲ ಗೋಡೆ. ನಮ್ಮ ಕಡೆ ರೊಟ್ಟಿ ಬಡಿಯುವಾಗ ಕೆಳಗೆ ಒಣ ಜೋಳದ ಹಿಟ್ಟು ಉದುರಿಸುತ್ತಾರಲ್ಲ, ಅದೇ ಲೆಕ್ಕ. ಹಸಿ ಹಿಟ್ಟು ಅಂಟಲು ಹೋದರೂ ಅದಕ್ಕೆ ಸಿಗುವುದು ಕಲ್ಲಲ್ಲ, ಉರುಳುವ ಪುಡಿ. ಅದಕ್ಕೇ ರೊಟ್ಟಿ ಕೈಯಡಿ ಗರಗರ ತಿರುಗುತ್ತದೆ. ಇರುವೆಯ ಒದ್ದೆ ದಿಂಬಿಗೂ ಪುಡಿಯ ಕಣಗಳೇ ಮೆತ್ತಿಕೊಂಡು, ಕಣದ ಸಮೇತ ಕಾಲು ಕಿತ್ತು ಬರುತ್ತದೆ. ಧೂಳಿಗೆ ಬಿದ್ದ ಸೆಲ್ಲೋಟೇಪ್ ಮತ್ತೆ ಅಂಟುವುದಿಲ್ಲವಲ್ಲ, ಹಾಗೆ. ಟಾಲ್ಕಂ ಪೌಡರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಟಾಲ್ಕ್ ಒಂದು ಕಲ್ಲು, ಆದರೆ ಖನಿಜಗಳ ಗಟ್ಟಿತನದ ಮೋಸ್ ಪಟ್ಟಿಯಲ್ಲಿ ಅದಕ್ಕೆ ಸಿಗುವುದು 1, ವಜ್ರಕ್ಕೆ 10. ಪದರ ಪದರವಾಗಿ ಜಾರುವ ಕಲ್ಲು ಅದು. ಕೆಲವು ಬೇಬಿ ಪೌಡರುಗಳಲ್ಲಿ ಟಾಲ್ಕ್ ಬದಲು ಮೆಕ್ಕೆಜೋಳದ ಪಿಷ್ಟ ಇರುತ್ತದೆ, ಡಬ್ಬಿ ಹಿಂದೆ ಓದಿ ತನ್ನಿ.

ಅವತ್ತು ರಾತ್ರಿ ಮಾಡಿದ್ದು ಇಷ್ಟೇ. ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಮನೆಯಲ್ಲಿತ್ತು. ಅದರಲ್ಲಿ ಪೌಡರ್ ಕಲಸಿ ಮಜ್ಜಿಗೆಯ ಹದಕ್ಕೆ ತಂದು, ಡಬ್ಬಿಯ ಒಳಗೋಡೆಯ ಮೇಲ್ಭಾಗದಲ್ಲಿ ಎರಡು ಬೆರಳಗಲ ಪಟ್ಟಿ ಬಳಿದೆವು. ಒಲೆಯಿಂದ ದೂರ ಕೂತು, ಕಿಟಕಿ ತೆಗೆದು. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ, ಒಣ ಪುಡಿ ಉಸಿರಿಗೆ ಹೋದರೆ ಪುಪ್ಪುಸಕ್ಕೆ ಒಳ್ಳೆಯದಲ್ಲ. ಸ್ಪಿರಿಟ್ ಆರಿದ ಮೇಲೆ ಬಿಳಿ ಪಟ್ಟಿ ಉಳಿಯಿತು. ಒಂದು ಗೊದ್ದ ಹತ್ತಿ ಬಂತು. ಪಟ್ಟಿಯ ಅಂಚಿಗೆ ಬಂದು ಮೀಸೆ ಆಡಿಸಿತು. ಮುಂಗಾಲು ಇಟ್ಟಿತು, ಕಾಲು ಕೆರೆಯಿತು, ಇನ್ನೊಂದು ಇಟ್ಟಿತು. ಮೂರನೆಯದು ಇಡುವಷ್ಟರಲ್ಲಿ ಬೆನ್ನಡಿಯಾಗಿ ತಳಕ್ಕೆ ಬಿತ್ತು. ಎದ್ದು ಮುಂಗಾಲನ್ನು ಬಾಯಿಂದ ಎಳೆದೆಳೆದು ಒರೆಸಿಕೊಳ್ಳತೊಡಗಿತು. ಹುಡುಗ ನನ್ನ ತೋಳು ಹಿಡಿದು "ಕಾಕಾ, ಕಾಲ್ ತೊಳಕೊಳ್ಳಿಕ್ಕತ್ತದ!" ಅಂದ. ಹೌದು, ಪಾದ ಸ್ವಚ್ಛ ಇಲ್ಲದಿದ್ದರೆ ಅದು ಹತ್ತಲಾರದು.

ಹೊರದೇಶದಲ್ಲಿ ಇದೇ ಕೆಲಸಕ್ಕೆ ಫ್ಲೂವಾನ್ ಎಂಬ ದ್ರವ ಬಳಿಯುತ್ತಾರೆ. ಅದು ನಾನ್‌ಸ್ಟಿಕ್ ತವಾದ ಲೇಪವೇ, ನೀರಿನಲ್ಲಿ ಕಲಸಿದ್ದು. 1938ರಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನ ವಿಜ್ಞಾನಿ ಅನಿಲದ ಸಿಲಿಂಡರ್ ಒಂದರಲ್ಲಿ ಅನಿಲ ಹೊರಬರದಿದ್ದಾಗ ಕೊಯ್ದು ನೋಡಿದ, ಒಳಗೆ ಮೇಣದಂಥ ಬಿಳಿ ಪುಡಿ ಸಿಕ್ಕಿತು. ಆ ಪುಡಿಯೇ ಇವತ್ತು ತವಾದ ಮೇಲೂ ಇದೆ, ಇರುವೆಯ ಡಬ್ಬಿಯ ಮೇಲೂ ಇದೆ. ಎರಡಕ್ಕೂ, ಪೌಡರಿಗೂ ಫ್ಲೂವಾನಿಗೂ, ಒಂದೇ ಶತ್ರು: ತೇವ. ಬೇಸಿಗೆಯಲ್ಲಿ ನಮ್ಮೂರಿನ ಒಣಗಾಳಿಗೆ ಪಟ್ಟಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಮಳೆಗಾಲದಲ್ಲಿ ಆಗಾಗ ಮತ್ತೆ ಬಳಿಯಿರಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅರಿಶಿನದ ಗೆರೆಯನ್ನು ಇರುವೆ ದಾಟುವುದಿಲ್ಲ, ಅದರಲ್ಲಿ ಶಕ್ತಿ ಇದೆ ಎನ್ನುವವರು ಮನೆಮನೆಯಲ್ಲಿದ್ದಾರೆ. ಸಾಲಿನ ಅಡ್ಡಕ್ಕೆ ಅರಿಶಿನ ಹಾಕಿದರೆ ಇರುವೆ ತಬ್ಬಿಬ್ಬಾಗುವುದು ನಿಜ. ನೆಲದ ಮೇಲೆ ಅವು ಬಿಟ್ಟುಹೋದ ವಾಸನೆಯ ದಾರಿ ಪುಡಿಯಡಿ ಮುಚ್ಚಿಹೋಗುತ್ತದೆ, ಪಾದಕ್ಕೆ ಪುಡಿ ಮೆತ್ತುತ್ತದೆ. ನಾನು ಅರಿಶಿನದ ಪಕ್ಕ ಜೋಳದ ಹಿಟ್ಟಿನ ಗೆರೆ ಎಳೆದು ನೋಡಿದ್ದೇನೆ. ಎರಡರ ಮುಂದೆಯೂ ನಿಂತವು, ಎರಡನ್ನೂ ಸುತ್ತುಹಾಕಿ ದಾಟಿದವು. ಇದು ಬರೀ ನಂಬಿಕೆ, ಅದರಿಂದ ಕೆಡುಕಿಲ್ಲ. ಆದರೆ ಇರುವೆ ಓಡಿಸುವ ಸೀಮೆಸುಣ್ಣದ ಕಡ್ಡಿಯನ್ನೂ ಹಾಗೇ ಸುಮ್ನೆ ಒಂದು ಗೆರೆ ಎಂದುಕೊಂಡು ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ನೆಲತುಂಬ ಎಳೆಯುವುದನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಅದು ಕೀಟನಾಶಕ, ವಿಷ. ಸಾಕಿದ ಇರುವೆಯ ಡಬ್ಬಿಯ ಸುತ್ತಲಂತೂ ಎಳೆಯಲೇಬೇಡಿ.

ಎರಡನೆಯ ಕಾವಲು ನೀರು. ನಮ್ಮವ್ವ ಬೆಲ್ಲದ ಡಬ್ಬಿಯನ್ನು ನೀರು ತುಂಬಿದ ಪರಾತದಲ್ಲಿ ಇಡುತ್ತಿದ್ದಳು. ಬೀದರ ಕೋಟೆಯಲ್ಲಿ ಬಂಡೆ ಕೊರೆದ ಮೂರು ಸುತ್ತಿನ ಕಂದಕ ನೋಡಿದ್ದೀರಲ್ಲ, ಬಹಮನಿ ಸುಲ್ತಾನರದೂ ಅವ್ವನದೂ ಒಂದೇ ಉಪಾಯ. ಇರುವೆ ಸಾಕಿ ಅಭ್ಯಾಸ ಮಾಡಿದವರಲ್ಲಿ ಮೊದಲಿಗರಾದ ಜಾನ್ ಲಬಕ್ ಕೂಡ ಇದನ್ನೇ ಮಾಡಿದರು. ವೃತ್ತಿಯಲ್ಲಿ ಬ್ಯಾಂಕಿನವರು, ಇಂಗ್ಲೆಂಡಿನ ಸಂಸತ್ ಸದಸ್ಯರು, ಡಾರ್ವಿನ್‌ನ ನೆರೆಮನೆಯವರು. ಅವರ ಒಂದು ರಾಣಿ ಇರುವೆ 1874ರಿಂದ 1888ರವರೆಗೆ ಅವರ ಹತ್ತಿರ ಬದುಕಿತ್ತು. ಗಾಜಿನ ಹಲಗೆಗಳ ನಡುವೆ ಗೂಡು, ಸುತ್ತ ನೀರಿನ ಕಾಲುವೆ. ಆದರೆ ನೀರು ಆರಿಹೋಗುತ್ತಿತ್ತು, ಇಲ್ಲವೇ ಮೇಲೆ ಧೂಳು ಕೂತು ಆ ಪೊರೆಯಿಂದಾಗಿ ಕಾಲುವೆ ಕೆಲಸಕ್ಕೆ ಬಾರದಂತಾಗುತ್ತಿತ್ತು. ಕೊನೆಗೆ ಅವರು ತುಪ್ಪಳದ ಚರ್ಮವನ್ನು ಕೂದಲು ಕೆಳಮುಖವಾಗಿರುವಂತೆ ಸುತ್ತಿದರು, ಅದು ಚೆನ್ನಾಗಿ ಕೆಲಸ ಮಾಡಿತು. ಅವ್ವನ ಪರಾತದಲ್ಲೂ ಇದೇ ಆಗುತ್ತಿತ್ತು. ಎರಡು ದಿನ ನೀರು ಬದಲಿಸದಿದ್ದರೆ ಹಿಟ್ಟು, ಧೂಳು ಕೂತ ಕೆನೆಯ ಮೇಲೆ ಸಣ್ಣಿರುವೆಗಳು ನಡೆದೇ ಬರುತ್ತಿದ್ದವು. ಆದ್ದರಿಂದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ನೀರಿನ ಮೇಲ್ಮೈಯ ಬಿಗಿ ಸಡಿಲವಾಗಿ ಇರುವೆಗೆ ಅದರ ಮೇಲೆ ನಿಲ್ಲಲು ಆಗುವುದಿಲ್ಲ. ಪರಾತಕ್ಕೆ ಗೋಡೆ, ಪರದೆ, ಮೊಬೈಲ್ ಚಾರ್ಜರಿನ ವೈರು ಯಾವುದೂ ತಾಗಿರಬಾರದು. ಅದು ಅವಕ್ಕೆ ಸೇತುವೆ.

ಯೂಟ್ಯೂಬ್ ನೋಡಿ ಡಬ್ಬಿಯ ಅಂಚಿಗೆ ಎಣ್ಣೆ, ವ್ಯಾಸಲೀನ್ ಹಚ್ಚುವವರಿದ್ದಾರೆ. ಚಳಿಯ ದೇಶಕ್ಕೆ ಅದು ಸರಿ. ಕಲಬುರಗಿಯ ಮೇ ತಿಂಗಳಲ್ಲಿ 43, 44 ಡಿಗ್ರಿ ಬಿಸಿಲಿಗೆ ವ್ಯಾಸಲೀನ್ ಇಳಿದು ಬಂದು ಇರುವೆಗಳೇ ಅದರಲ್ಲಿ ಸಿಕ್ಕಿ ಸಾಯುತ್ತವೆ. ಬಿಸಿಲಿಗೆ ಇನ್ನೂ ದೊಡ್ಡ ಮಾತಿದೆ. ಗೂಡು ಕಾದರೆ, ಟ್ಯೂಬಿನ ನೀರು ಮುಗಿದರೆ, ಇರುವೆಗಳು ಜೀವ ಉಳಿಸಿಕೊಳ್ಳಲು ದಾರಿ ಹುಡುಕಿಯೇ ಹುಡುಕುತ್ತವೆ. ಡಬ್ಬಿಯನ್ನು ಕಿಟಕಿಯಲ್ಲಿ ಇಡಬೇಡಿ. ಒಳಕೋಣೆಯ ಶಹಾಬಾದ್ ಕಲ್ಲಿನ ನೆಲವೇ ತಂಪು.

ಯಾವ ಇರುವೆ ಎನ್ನುವುದೂ ಮುಖ್ಯ. ಗೊದ್ದ ಒಳ್ಳೆಯದು: ದೊಡ್ಡದು, ಜಾಲರಿಯಲ್ಲಿ ತೂರುವುದಿಲ್ಲ. ರಾಣಿ ಒಳಗಿದ್ದರೆ ಹೊರಬಿದ್ದ ಕೆಲಸಗಾರರು ಹೊಸ ಗೂಡು ಹೂಡಲಾರರು, ಅವರಿಟ್ಟ ಮೊಟ್ಟೆಯಿಂದ ಬರುವುದು ಗಂಡು ಮಾತ್ರ. ಅಣ್ಣನ ಹೆಂಡತಿಗೆ ಇದನ್ನು ಹೇಳಿದ ಮೇಲೆಯೇ ಅವತ್ತು ಮನೆ ತಣ್ಣಗಾದದ್ದು. ಫೇರೋ ಇರುವೆ ಎಂಬ ಹಳದಿ ಸಣ್ಣಿರುವೆ ಮಾತ್ರ ಬೇಡವೇ ಬೇಡ. ಅದರಲ್ಲಿ ರಾಣಿಯರು ಹಲವರು, ಒಂದಿಷ್ಟು ಇರುವೆ ಮರಿಗಳನ್ನು ಹೊತ್ತು ಬೇರೆ ಹೋದರೆ ಅದೇ ಹೊಸ ಗೂಡು, ಆಸ್ಪತ್ರೆಗಳಿಗೂ ಅದು ದೊಡ್ಡ ಪೀಡೆ. ಬೆಂಕಿ ಇರುವೆಯೂ ಬೇಡ, ಕುಟುಕುತ್ತದೆ. ಅಮೆರಿಕದ ಅದರ ಬಂಧುಗಳು ಪ್ರವಾಹದಲ್ಲಿ ಒಂದನ್ನೊಂದು ಹಿಡಿದು ತೆಪ್ಪವಾಗಿ ತೇಲುತ್ತವೆ, ಜಾರುವ ಕಂಬದ ಸುತ್ತ ತಮ್ಮ ಮೈಗಳಿಂದಲೇ ಗೋಪುರ ಕಟ್ಟುತ್ತವೆ, ಅಲ್ಲಿನ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿದ್ದಾರೆ.

ರಾಣಿಯನ್ನು ದುಡ್ಡು ಕೊಟ್ಟು ಹೊರಗಿಂದ ತರಿಸಬೇಡಿ. 2025ರಲ್ಲಿ ಕೀನ್ಯಾದಲ್ಲಿ ಸುಮಾರು 5,000 ರಾಣಿ ಇರುವೆಗಳನ್ನು ಟ್ಯೂಬುಗಳಲ್ಲಿ ತುಂಬಿ ಸಾಗಿಸಲು ಹೊರಟ ಇಬ್ಬರು ಹುಡುಗರು ಸಿಕ್ಕಿಬಿದ್ದು ದಂಡ ತೆತ್ತರು. ಬೇರೆ ಸೀಮೆಯ ಇರುವೆ ಇಲ್ಲಿ ಹೊರಬಿದ್ದರೆ ಅದನ್ನು ಮತ್ತೆ ಡಬ್ಬಿಗೆ ತುಂಬಲು ಯಾರಿಂದಲೂ ಆಗದು. ನಮ್ಮಲ್ಲೇ ಮೊದಲ ಮಳೆಗಳಿಗೆ ರೆಕ್ಕೆಯ ಇರುವೆಗಳು ಹಾರುತ್ತವೆ. "ಚೀಂಟಿ ಕೆ ಪರ್ ನಿಕಲ್ ಆಯೆ" ಅಂತ ಉರ್ದುವಿನಲ್ಲಿ ಸಾವು ಬಂತೆನ್ನಲು ಹೇಳುತ್ತಾರಲ್ಲ, ಗಂಡಿರುವೆಯ ಮಟ್ಟಿಗೆ ಅದು ನಿಜ. ರಾಣಿ ಮಾತ್ರ ರೆಕ್ಕೆಯನ್ನು ತಾನೇ ಮುರಿದು ಹಾಕಿ, ಗೊದ್ದದಂಥ ಜಾತಿಗಳಲ್ಲಿ ಆ ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿ ಮೊದಲ ಮರಿಗಳನ್ನು ಸಾಕುತ್ತದೆ. ಹುಡುಗನ ರಾಣಿಯೂ ಹಾಗೇ ಅಂಗಳದ ದೀಪದ ಕೆಳಗೆ ಸಿಕ್ಕಿದ್ದು.

ಮೊನ್ನೆ ಭಾನುವಾರ ಹೋಗಿದ್ದೆ. ಡಬ್ಬಿ ಈಗ ಸೋಪುನೀರಿನ ಪರಾತದ ನಡುವೆ ಒಂದು ಬಟ್ಟಲಿನ ಮೇಲೆ ಕೂತಿದೆ. ಬಿಳಿ ಪಟ್ಟಿ ಹೊಸದಾಗಿ ಬಳಿದದ್ದು. ಅಣ್ಣನ ಹೆಂಡತಿ ತಾನೇ ಮುಚ್ಚಳ ತೆಗೆದು ಒಳಗೆ ತೊಗರಿಬೇಳೆಯಷ್ಟು ಬೆಲ್ಲದ ಚೂರು ಇಟ್ಟಳು. ಮುಚ್ಚಳ ತಿರುಗಿಸಿ ನೋಡಿದಳು. ಒಂದೂ ಇರುವೆ ಇರಲಿಲ್ಲ.