ಕಳ್ಳ ಕಾಗದದಿಂದ ಫಾರ್ವರ್ಡ್‌ವರೆಗೆ: ನಮ್ಮ ಕಡೆಯ ಜಗಳಗಳ ಹಿನ್ನೆಲೆ

ಕಲಬುರಗಿಯ ನಮ್ಮ ಓಣಿಗೆ ಒಂದು ವಾಟ್ಸಾಪ್ ಗ್ರೂಪ್ ಇದೆ. ನಳಕ್ಕೆ ನೀರು ಯಾವಾಗ ಬರುತ್ತದೆ ಅಂತ ತಿಳಿಸಲಿಕ್ಕೆ ಮಾಡಿದ್ದು. ಹೋದ ಬೇಸಿಗೆಯಲ್ಲಿ ಒಬ್ಬರು, ‘ಕೆಲವರು ಮೋಟರ್ ಹಚ್ಚಿ ನೀರು ಎಳೀತಾರೆ’ ಅಂತ ಬರೆದರು. ಯಾರ ಹೆಸರೂ ಹೇಳಿರಲಿಲ್ಲ. ಎರಡೇ ನಿಮಿಷದಲ್ಲಿ ಇನ್ನೊಬ್ಬರು ಅದು ತಮಗೇ ಅಂದದ್ದು ಅಂತ ತಿಳಿದು ಉತ್ತರ ಕೊಟ್ಟರು. ರಾತ್ರಿ ಹನ್ನೊಂದರ ಹೊತ್ತಿಗೆ ಮಾತು ನೀರು ಬಿಟ್ಟು ಮನೆತನದ ಮೇಲೆ ಹೋಗಿತ್ತು. ಇಬ್ಬರೂ ಮೂವತ್ತು ವರ್ಷದಿಂದ ಅಕ್ಕಪಕ್ಕದ ಮನೆಯವರು. ಎದುರಿಗೆ ಸಿಕ್ಕರೆ ‘ಬರ್ರಿ ಕಾಕಾ, ಚಹಾ ಕುಡೀರಿ’ ಅನ್ನುವವರು. ಮೊಬೈಲಿನಲ್ಲಿ ಮಾತ್ರ ‘ನೀನು’ ಅಂತ ಶುರುವಾಗಿತ್ತು. ಹನ್ನೊಂದೂವರೆಗೆ ಗ್ರೂಪಿನ ಅಡ್ಮಿನ್, ಒಬ್ಬ ನಿವೃತ್ತ ಮಾಸ್ತರು, ಯಾರೂ ಏನೂ ಬರೆಯದ ಹಾಗೆ ಗ್ರೂಪ್ ಬಂದ್ ಮಾಡಿದರು.

ನನಗೆ ನಿದ್ದೆ ಬರಲಿಲ್ಲ. ನಮ್ಮ ಕಡೆ ಒಪ್ಪದ ಮಾತನ್ನೂ ‘ಅಲ್ರಿ’ ಅಂತಲೇ ತೆಗೆಯುತ್ತೇವೆ, ಅಲ್ವಾ? ‘ಅಲ್ಲ’ ಅನ್ನುವುದರಲ್ಲಿ ತಕರಾರು ಇರುತ್ತದೆ, ಹಿಂದೆಯೇ ಬರುವ ‘ರಿ’ಯಲ್ಲಿ ಮರ್ಯಾದೆ. ಆ ‘ರಿ’ ಎಲ್ಲಿ ಉದುರಿತು ಅಂತ ಹುಡುಕಿಕೊಂಡು ಹೋದರೆ ದಾರಿ ಬಹಳ ಹಿಂದಕ್ಕೆ ಹೋಗುತ್ತದೆ.

ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದಲೇ ಶುರು ಮಾಡುತ್ತೇನೆ. 12ನೇ ಶತಮಾನದ ಅನುಭವ ಮಂಟಪದಲ್ಲಿ ಬರೀ ನಯದ ಮಾತೇ ಇತ್ತು ಅಂದುಕೊಳ್ಳಬೇಡಿ. 15ನೇ ಶತಮಾನದಲ್ಲಿ ಸಂಕಲನವಾದ ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದ ಪ್ರಸಂಗ ಇದೆ. ಪೀಠದ ಮೇಲೆ ಅಲ್ಲಮಪ್ರಭು. ನಿನ್ನ ಗಂಡ ಯಾರು ಅಂತ ಕೇಳುತ್ತಾನೆ. ಸೀರೆ ಬಿಟ್ಟವಳು ಕೂದಲನ್ನು ಯಾಕೆ ಮರೆ ಮಾಡಿಕೊಂಡೆ ಅಂತ ಕೇಳುತ್ತಾನೆ. ತುಂಬಿದ ಸಭೆಯಲ್ಲಿ, ಒಂಟಿ ಹೆಣ್ಣುಮಗಳಿಗೆ! ಇವತ್ತು ಕಮೆಂಟಿನಲ್ಲಿ ಬಂದರೆ ಮೈ ಉರಿಯುವ ಪ್ರಶ್ನೆಗಳು. ಆದರೆ ಕೇಳಿದವನು ಉತ್ತರಕ್ಕೆ ಕಾದ. ಸಭೆ ಸುಮ್ಮನೆ ಕೂತು ಕೇಳಿತು. ಅಕ್ಕ ಒಂದೊಂದಕ್ಕೂ ಉತ್ತರ ಕೊಟ್ಟಳು. ಕೊನೆಗೆ ಪ್ರಶ್ನೆ ಕೇಳಿದವನೇ ಅವಳಿಗೆ ಶರಣು ಅಂದ. ತುಂಬಿದ ಸಭೆಯಲ್ಲಿ ಎಷ್ಟು ಬಿರುಸಾಗಿ ಕೇಳಿದ್ದನೋ ಅಷ್ಟೇ ಬಹಿರಂಗವಾಗಿ ಒಪ್ಪಿಕೊಂಡನಲ್ಲ, ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅದೇ ಕಲ್ಯಾಣದಲ್ಲಿ ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಯ ಮೇಲೆ ರಕ್ತ ಹರಿದ ಕಥೆಯೂ ನಮಗೆ ಗೊತ್ತು. ಕೂತು ಮಾತಾಡುವ ಜಾಗ ಒಂದು ಸಲ ಕಟ್ಟಿದರೆ ಉಳಿದೇಬಿಡುತ್ತದೆ ಅನ್ನುವ ಹಾಗಿಲ್ಲ.

ಮುನ್ನೂರು ವರ್ಷ ಬಿಟ್ಟು ಬೀದರ್ ಕೋಟೆಯ ಕಾಲಕ್ಕೆ ಬನ್ನಿ. ಮಹಮೂದ್ ಗವಾನ್ ಬಹಮನಿ ರಾಜ್ಯದ ಪ್ರಧಾನಿ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಇವತ್ತಿಗೂ ಪಟ್ಟಣದ ನಡುವೆ ನಿಂತಿದೆ, ಗೋಡೆಯ ಮೇಲೆ ನೀಲಿ ಹಂಚಿನ ಚೂರುಗಳು ಅಲ್ಲಲ್ಲಿ ಉಳಿದಿವೆ. ಆಗ ದರ್ಬಾರಿನಲ್ಲಿ ಎರಡು ಗುಂಪು: ದಖನಿಗಳು, ಮತ್ತು ಇರಾನ್ ಕಡೆಯಿಂದ ಬಂದ ಪರದೇಶಿಗಳು. ಗವಾನ್ ಹೊರಗಿನವನು. ಅವನನ್ನು ಮುಗಿಸಲು ಹೊರಟವರು ಮೊದಲು ಅವನ ಮುದ್ರೆ ಕಾಯುವವನನ್ನು ಹಿಡಿದರು. ಒಂದು ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಮೇಲ್ಗಡೆ, ಒರಿಸ್ಸಾದ ರಾಜನನ್ನು ದಂಡೆತ್ತಿ ಬಾ ಅಂತ ಕರೆದಂತೆ ಬರೆದರು. ಅಕ್ಷರ ಸುಳ್ಳು, ಮುದ್ರೆ ಮಾತ್ರ ನಿಜ. ಇವತ್ತು ಯಾರದೋ ಫೋಟೋ ಹಾಕಿ, ಅವರು ಆಡದ ಮಾತು ಅಂಟಿಸಿ ಕಳಿಸುವ ಸ್ಕ್ರೀನ್‌ಶಾಟ್ ಇದೆಯಲ್ಲ, ಅದರ ಕೆಲಸವೂ ಹೀಗೆಯೇ.

ಕುಡಿದಿದ್ದ ಸುಲ್ತಾನ ಮೂರನೇ ಮಹಮ್ಮದ್ ಶಾಹನ ಮುಂದೆ ಆ ಕಾಗದ ಓದಿದರು. ಗವಾನನನ್ನು ಕರೆಸಿದರು. ಮುದ್ರೆ ನನ್ನದು, ಕಾಗದ ನನ್ನದಲ್ಲ ಅಂದ ಅವನು. ಯಾರೂ ವಿಚಾರಿಸಲಿಲ್ಲ. 1481ರ ಏಪ್ರಿಲ್‌ನಲ್ಲಿ, ಎಪ್ಪತ್ತು ದಾಟಿದ ಆ ಮುದುಕನ ತಲೆ ಹಾರಿಸಿದರು. ಸತ್ಯ ತಿಳಿದ ಸುಲ್ತಾನ ಕೊರಗಿ ಮರುವರ್ಷ ತೀರಿಕೊಂಡ. ಬೆಳಗಾಗುವವರೆಗೆ ತಡೆದಿದ್ದರೆ ಅಮಲು ಇಳಿಯುತ್ತಿತ್ತು, ಮುದ್ರೆ ಕಾಯುವವನನ್ನು ಕರೆದು ಕೇಳಬಹುದಿತ್ತು.

ಇದೇ ‘ತಡೆಯುವ’ ಮಾತು ನನಗೆ ಮತ್ತೆ ಸಿಕ್ಕಿದ್ದು ಇಂಟರ್‌ನೆಟ್ಟಿನ ಹಳೇ ದಾಖಲೆಯಲ್ಲಿ. ಪರದೆಯ ಮೇಲಿನ ಜಗಳ ವಾಟ್ಸಾಪಿಗಿಂತ ಬಹಳ ಹಳೆಯದು. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ತಮಾಷೆಗೆ ಬರೆದದ್ದನ್ನು ಜನ ನಿಜ ಅಂತ ತಿಳಿಯತೊಡಗಿದಾಗ, ಸ್ಕಾಟ್ ಫಾಲ್ಮನ್ ಅನ್ನುವವರು ಚುಕ್ಕಿ, ಗೆರೆ, ಕಂಸ ಸೇರಿಸಿ ನಗುಮುಖದ ಗುರುತು ಸೂಚಿಸಿದರು. ಮುಖ ಕಾಣದ ಜಾಗಕ್ಕೆ ಒಂದು ಮುಖ ಬೇಕಾಗಿತ್ತು. 1995ರಲ್ಲಿ ‘ಆರ್‌ಎಫ್‌ಸಿ 1855’ ಅನ್ನುವ ನಡವಳಿಕೆಯ ಕೈಪಿಡಿ ಬಂತು. ಸಿಟ್ಟು ಬಂದಾಗ ಬರೆದ ಉತ್ತರವನ್ನು ಕಳಿಸುವ ಮುಂಚೆ ಒಂದು ರಾತ್ರಿ ಕಾಯಿರಿ ಅಂತ ಅದರಲ್ಲಿದೆ. ಎದುರಿನವರ ಕಣ್ಣು ಕಾಣದಿದ್ದಾಗ, ನಮ್ಮ ಗುರುತು ಮರೆಯಾದಾಗ ನಾಲಿಗೆಯ ಕಡಿವಾಣ ಸಡಿಲಾಗುತ್ತದೆ ಅಂತ ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲಿ ವಿವರಿಸಿದರು. ನಮ್ಮ ಓಣಿಯಲ್ಲಂತೂ ಗುರುತೂ ಮರೆಯಾಗಿರಲಿಲ್ಲ. ಕಣ್ಣು ಕಾಣದಿದ್ದದ್ದೇ ಸಾಕಾಯಿತು.

ನಮ್ಮ ದೇಶ ಮೊದಲು ಜೈಲಿನ ದಾರಿ ಹಿಡಿಯಿತು. ಐಟಿ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ, ಮನ ನೋಯಿಸುವ ಮೆಸೇಜು ಕಳಿಸಿದರೆ ಅಪರಾಧ ಅನ್ನುವ 66ಎ ಕಲಂ ಸೇರಿತು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಂದು ಫೇಸ್‌ಬುಕ್ ಪೋಸ್ಟಿಗಾಗಿ ಇಬ್ಬರು ಹುಡುಗಿಯರನ್ನು ಬಂಧಿಸಿದರು. ಒಬ್ಬಳು ಬರೆದಿದ್ದಳು, ಇನ್ನೊಬ್ಬಳು ಲೈಕ್ ಒತ್ತಿದ್ದಳು, ಅಷ್ಟೇ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಮನ್ನೇ ರದ್ದು ಮಾಡಿತು. ಚರ್ಚೆ ಬೇರೆ, ವಾದ ಬೇರೆ, ಹಿಂಸೆಗೆ ಎತ್ತಿಕಟ್ಟುವುದು ಬೇರೆ ಅಂತ ಹೇಳಿತು. ಸರಿಯಾಗಿಯೇ ಹೇಳಿತು. ಕಟುವಾಗಿ ಮಾತಾಡಿದವರನ್ನೆಲ್ಲ ಹಿಡಿದು ಹಾಕಿದರೆ ಮೊದಲು ಬಾಯಿ ಮುಚ್ಚುವವರು ಬಡವರು.

2016ರಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. ಹಳ್ಳಿಯ ಅಗಸಿ ಕಟ್ಟೆಯ ಮಾತು ಕೈಯೊಳಗೆ ಬಂತು. ಕಟ್ಟೆಯ ಮೇಲೆ ಯಾರಾದರೂ ಹಿರಿಯರು ‘ತಡೀರಿ, ಮೊದಲು ಕೇಳೋಣ’ ಅನ್ನುತ್ತಿದ್ದರು. ಕೈಯೊಳಗೆ ಬಂದ ಕಟ್ಟೆಯಲ್ಲಿ ಆ ಹಿರಿಯರು ಇರಲಿಲ್ಲ.

2018ರ ಜುಲೈ 13. ಗವಾನನ ಅದೇ ಬೀದರ್ ಜಿಲ್ಲೆ. ಹೈದರಾಬಾದಿನಿಂದ ಗೆಳೆಯನ ಊರಿಗೆ ಬಂದಿದ್ದ ಯುವಕರು ದಾರಿಯಲ್ಲಿ ಕಾರು ನಿಲ್ಲಿಸಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುದ್ದಿ ಆಗ ಎಲ್ಲರ ಮೊಬೈಲಿನಲ್ಲಿತ್ತು. ಜನ ಸೇರಿದರು, ಯುವಕರು ಹೆದರಿ ಕಾರು ಓಡಿಸಿದರು. ಕಾರಿಗಿಂತ ಮುಂಚೆ ಮೆಸೇಜು ಮುರ್ಕಿ ಗ್ರಾಮ ತಲುಪಿತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ನಿಂತವರು ಚಾಕಲೇಟ್ ಕೊಟ್ಟದ್ದನ್ನು ನೋಡಿದವರಲ್ಲ. ಅವರ ಕೈಯಲ್ಲಿದ್ದದ್ದು ಒಂದು ಫಾರ್ವರ್ಡ್ ಮಾತ್ರ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಒಬ್ಬ ಯುವಕ ಜೀವ ಕಳೆದುಕೊಂಡ.

ಅಂಥ ಸಾವುಗಳು ಆ ವರ್ಷ ದೇಶದ ಬೇರೆ ಕಡೆಯೂ ಆಗಿದ್ದವು. ಅದೇ ತಿಂಗಳು ವಾಟ್ಸಾಪ್, ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಜಾಸ್ತಿ ಫಾರ್ವರ್ಡ್ ಮಾಡುವ ಹಾಗಿಲ್ಲ ಅಂತ ಮಿತಿ ತರುವುದಾಗಿ ಹೇಳಿತು. 2020ರಲ್ಲಿ, ಬಹಳ ಸಲ ಹಂಚಿಕೆಯಾದ ಮೆಸೇಜನ್ನು ಒಂದೇ ಕಡೆ ಕಳಿಸಬಹುದು ಅಂತ ಮತ್ತೂ ಬಿಗಿ ಮಾಡಿತು. ಯಂತ್ರಕ್ಕೂ ‘ಸ್ವಲ್ಪ ತಡಿ’ ಅಂತ ಕಲಿಸಬೇಕಾಯಿತು.

ನಮ್ಮ ಮಾಸ್ತರು ಗ್ರೂಪಿನ ಬಾಗಿಲು ತೆಗೆದಾಗ ಬೆಳಗಿನ ಆರು ಗಂಟೆ. ನಳಕ್ಕೆ ನೀರು ಬಂದಿತ್ತು, ಓಣಿ ತುಂಬ ಕೊಡಗಳ ಸಪ್ಪಳ. ಮೊದಲ ಮೆಸೇಜು ರಾತ್ರಿ ಜಗಳ ಶುರು ಮಾಡಿದವರದೇ: ‘ಅಲ್ರಿ ಕಾಕಾ, ನಿನ್ನಿ ನಾ ಅಂದಿದ್ದು ನಿಮಗಲ್ರಿ.’